ಎಚ್ಚರವಿದ್ದ ರಾತ್ರಿಗಳು: ಕಡಲ್ಕೊರೆತದ ತೀರದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ ಅಧ್ಯಯನ

ಮಂಗಳೂರಿನ ಒಂದು ಪದವಿ ಕಾಲೇಜಿನ ಆಪ್ತಸಮಾಲೋಚನಾ ಘಟಕಕ್ಕೆ 2024ರ ಆಗಸ್ಟ್ ತಿಂಗಳಲ್ಲಿ ಬಂದ, ಹತ್ತೊಂಬತ್ತು ವರ್ಷದ, ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿನಿಯ ಪ್ರಕರಣವಿದು. ಆಕೆಯ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರನ್ನು ಹೇಳುವುದಿಲ್ಲ, ಊರನ್ನು, ನೇತ್ರಾವತಿಯ ದಕ್ಷಿಣಕ್ಕೆ ಉಳ್ಳಾಲದಿಂದ ತಲಪಾಡಿಯವರೆಗೆ ಹಬ್ಬಿದ ತೀರದಲ್ಲಿರುವ ಮೀನುಗಾರರ ಊರು ಎಂದಷ್ಟೇ ಗುರುತಿಸುತ್ತೇನೆ, ಪತ್ತೆ ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹವಾಮಾನ ಬದಲಾವಣೆ ಯುವಜನರ ಮನಸ್ಸನ್ನು ಹೇಗೆ ಬಾಧಿಸುತ್ತದೆ ಎಂಬ ಚರ್ಚೆ ಬಹುಮಟ್ಟಿಗೆ ಮುಂದೆಂದೋ ಬರಲಿರುವ ಕೇಡಿನ ಭಯದ ಸುತ್ತ ನಡೆಯುತ್ತದೆ. ನಮ್ಮ ಕರಾವಳಿಯ ಕೆಲವು ಊರುಗಳಲ್ಲಿ ಆ ಭಯಕ್ಕೆ ಆಗಲೇ ಮನೆ ನಂಬರು ಬಂದಾಗಿದೆ. ಅಂಥ ಭಯವನ್ನು ಸಮಾಲೋಚನೆಯಲ್ಲಿ ಹೇಗೆ ಎದುರುಗೊಳ್ಳಬೇಕು ಎಂಬುದು ಸಹೋದ್ಯೋಗಿಗಳಿಗೂ ಕಾಲೇಜು ಅಧ್ಯಾಪಕರಿಗೂ ತಿಳಿದಿರಬೇಕೆಂಬ ಕಾರಣಕ್ಕೆ ಈ ಪ್ರಕರಣವನ್ನು ವಿವರವಾಗಿ ದಾಖಲಿಸುತ್ತಿದ್ದೇನೆ.

ಬಂದ ಕಾರಣ

ಆಕೆಯನ್ನು ನಮ್ಮಲ್ಲಿಗೆ ಕಳುಹಿಸಿದವರು ತರಗತಿಯ ಮೆಂಟರ್. ಚೀಟಿಯಲ್ಲಿ ‘ಹಾಜರಾತಿ ಕೊರತೆ, ತರಗತಿಯಲ್ಲಿ ನಿದ್ದೆ, ಅತಿಯಾದ ಮೊಬೈಲ್ ಬಳಕೆ’ ಎಂದು ಬರೆದಿತ್ತು. ಮೊದಲ ವರ್ಷದಲ್ಲಿ ಒಳ್ಳೆಯ ಅಂಕ ಪಡೆದಿದ್ದ ಈಕೆ ಮಳೆಗಾಲ ಶುರುವಾದಂದಿನಿಂದ ತರಗತಿಗೆ ಬಂದದ್ದಕ್ಕಿಂತ ಬಾರದಿದ್ದ ದಿನಗಳೇ ಹೆಚ್ಚಾಗಿದ್ದವು. ಹೊಟ್ಟೆನೋವು ಮತ್ತು ಎದೆಬಡಿತಕ್ಕೆಂದು ಊರಿನ ವೈದ್ಯರ ಬಳಿ ಹೋಗಿದ್ದಳು. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟಿದ್ದರು. ರಕ್ತಪರೀಕ್ಷೆ, ಥೈರಾಯ್ಡ್, ಇಸಿಜಿ ಎಲ್ಲವೂ ಸರಿಯಾಗಿದ್ದವು. ತಾಯಿಗೆ ಬೇರೆಯದೇ ಅನುಮಾನವಿತ್ತು. ರಾತ್ರಿ ಎರಡು ಗಂಟೆಗೂ ಮಗಳ ಕೈಯಲ್ಲಿ ಫೋನ್ ಇರುವುದನ್ನು ಕಂಡ ಅವರು ಯಾವುದೋ ಹುಡುಗನ ವಿಷಯವಿರಬೇಕೆಂದು ಊಹಿಸಿ, ಎರಡು ಬಾರಿ ಫೋನ್ ಕಸಿದಿಟ್ಟಿದ್ದರು. ಆ ಎರಡೂ ರಾತ್ರಿ ಮಗಳು ಉಸಿರು ಕಟ್ಟಿದಂತಾಗಿ ಅತ್ತಿದ್ದರಿಂದ ಅನುಮಾನ ಇನ್ನಷ್ಟು ಬಲವಾಗಿತ್ತು.

ಫೋನಿನಲ್ಲಿ ಏನು ನೋಡುತ್ತಿದ್ದೆ ಎಂದು ಕೇಳಿದಾಗ ಆಕೆ ಹಿಂಜರಿಯದೆ ತೆರೆದು ತೋರಿಸಿದಳು. ಗಾಳಿ ಮತ್ತು ಅಲೆಗಳ ನಕ್ಷೆ ತೋರಿಸುವ ಆ್ಯಪ್, ಉಬ್ಬರವಿಳಿತದ ವೇಳಾಪಟ್ಟಿ, ಊರಿನ ವಾಟ್ಸ್‌ಆ್ಯಪ್ ಗುಂಪುಗಳು, ಅವುಗಳಲ್ಲಿ ಬಂದು ಬೀಳುವ ವಿಡಿಯೊಗಳು. ಆ ವರ್ಷದ ಮಳೆಗಾಲ ಎಂಥದಾಗಿತ್ತೆಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಜೂನ್ ಕೊನೆಯಲ್ಲಿ ಉಳ್ಳಾಲ ತಾಲ್ಲೂಕಿನಲ್ಲೇ ಆವರಣ ಗೋಡೆಯೊಂದು ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ತೀರಿಕೊಂಡಿದ್ದರು. ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಗಂಗಾವಳಿ ನದಿಯಲ್ಲಿ ವಾರಗಟ್ಟಲೆ ಶೋಧ ನಡೆದಿತ್ತು. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಎಂಬ ಊರುಗಳು ನಿದ್ದೆಯಲ್ಲಿದ್ದಾಗಲೇ ಕೊಚ್ಚಿಹೋಗಿದ್ದವು. “ಅವರೂ ಮಲಗಿದ್ದರಲ್ಲ ಮೇಡಂ” ಎಂದಳು. ಆ ದಿನ ನಾನು ಬರೆದುಕೊಂಡ ಮಾತುಗಳಲ್ಲಿ ಮುಂದೆ ಅತ್ಯಂತ ಮುಖ್ಯವೆಂದು ತಿಳಿದದ್ದು ಇದೇ.

ಮನೆ ಮತ್ತು ಕಡಲು

ಮನೆಯಲ್ಲಿ ಐದು ಜನ. ತಂದೆ ಮಂಗಳೂರು ದಕ್ಕೆಯಿಂದ, ಅಂದರೆ ಮೀನುಗಾರಿಕಾ ಬಂದರಿನಿಂದ, ಹೊರಡುವ ಟ್ರಾಲ್ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಒಮ್ಮೆ ಹೊರಟರೆ ವಾರದ ಮೇಲೆಯೇ ವಾಪಸು. ತಾಯಿ ನಸುಕಿನಲ್ಲಿ ದಕ್ಕೆಗೆ ಹೋಗಿ ಏಲಂನಲ್ಲಿ ಮೀನು ಕೊಂಡು ಮಾರುತ್ತಾರೆ. ತಂದೆಯ ತಾಯಿ ಇದ್ದಾರೆ. ಒಂಬತ್ತನೇ ತರಗತಿಯಲ್ಲಿ ಓದುವ ತಮ್ಮನಿದ್ದಾನೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದಿನ ಬಾಗಿಲು ತೆರೆದರೆ ಕಡಲು.

ಅಜ್ಜಿ ಮದುವೆಯಾಗಿ ಬಂದಾಗ ಆ ಬಾಗಿಲಿನಿಂದ ಕಡಲು ಕಾಣುತ್ತಿರಲಿಲ್ಲವಂತೆ. ನಡುವೆ ತೆಂಗಿನ ತೋಟ, ಬಲೆ ಒಣಗಿಸುವ ಬಯಲು, ಅದರಾಚೆ ಮರಳದಿಬ್ಬ ಇದ್ದವು. ಈಕೆಯ ಬಾಲ್ಯಕ್ಕೆ ಉಳಿದದ್ದು ಎರಡು ಸಾಲು ತೆಂಗು. 2021ರ ಮೇ ತಿಂಗಳಲ್ಲಿ, ಕೋವಿಡ್ ಕಾರಣಕ್ಕೆ ಮುಂದೆ ಹೋಗಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಈಕೆ ಓದುತ್ತಿದ್ದಾಗ, ತೌಕ್ತೆ ಚಂಡಮಾರುತ ಕರಾವಳಿಯುದ್ದಕ್ಕೂ ಸಾಗಿ ಗುಜರಾತಿಗೆ ಅಪ್ಪಳಿಸಿತು. ಆ ಎರಡು ದಿನದ ಅಲೆಗೆ ಒಂದು ಸಾಲು ತೆಂಗು ಹೋಯಿತು. ನಮ್ಮಲ್ಲಿಗೆ ಬಂದ ಹೊತ್ತಿಗೆ ಉಳಿದಿದ್ದದ್ದು ಒಂದು ಮರದ ಬುಡ ಮತ್ತು ಸರಕಾರ ತಂದು ಸುರಿದ ಕಗ್ಗಲ್ಲಿನ ತಡೆಗೋಡೆ. ಆ ಕಲ್ಲುಗಳು ಪ್ರತಿ ಮಳೆಗಾಲದಲ್ಲೂ ಮರಳಿನೊಳಗೆ ಇಳಿಯುತ್ತವೆ, ಮರುವರ್ಷ ಮತ್ತೆ ಹಾಕುತ್ತಾರೆ.

ಈ ಕೊರೆತವನ್ನೆಲ್ಲ ಹವಾಮಾನ ಬದಲಾವಣೆಯ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ಅಳಿವೆಬಾಗಿಲಿನಲ್ಲಿ ಅಲೆ ತಡೆಯಲೆಂದು ಕಡಲಿಗೆ ಚಾಚಿ ಕಟ್ಟಿದ ಬ್ರೇಕ್‌ವಾಟರ್‌ಗಳು, ಅಣೆಕಟ್ಟುಗಳಲ್ಲಿ ತಡೆದು ನಿಂತ ಹೂಳು, ನದಿಯಿಂದ ತೆಗೆದ ಮರಳು, ಒಂದು ಊರಿಗೆ ಕಟ್ಟಿದ ತಡೆಗೋಡೆಯಿಂದ ಪಕ್ಕದ ಊರಿಗೆ ತಿರುಗುವ ಅಲೆ, ಇವೆಲ್ಲವೂ ಸೇರಿ ತೀರವನ್ನು ತಿನ್ನುತ್ತವೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಪ್ರಕಾರ 1990ರಿಂದ 2018ರವರೆಗಿನ ಅವಧಿಯಲ್ಲಿ ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ತುತ್ತಾಗಿದೆ. ಈ ಹಳೆಯ ಗಾಯದ ಮೇಲೆ ಬಿಸಿಯಾಗುತ್ತಿರುವ ಅರಬ್ಬಿ ಸಮುದ್ರದ ಹೊಸ ಪೆಟ್ಟು ಬೀಳುತ್ತಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಎರಡು ದಶಕಗಳಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿದ್ದವು, ಅತಿ ತೀವ್ರ ಚಂಡಮಾರುತಗಳ ಏರಿಕೆ ಶೇ. 150. 2019 ಒಂದೇ ವರ್ಷದಲ್ಲಿ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಎಂಬ ಐದು ಚಂಡಮಾರುತಗಳು ಎದ್ದವು.

ಈ ಅಂಕಿಗಳು ಒಂದು ಮನೆಯ ಪಂಚಾಂಗವನ್ನು ಹೇಗೆ ಬದಲಿಸಿದವು ಎಂಬುದೇ ಈ ಪ್ರಕರಣದ ತಿರುಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಂದೆ ಮನೆಯಲ್ಲೇ ಇರುತ್ತಾರೆ; ಆದರೆ ಮನೆ ಅಪಾಯದಲ್ಲಿರುವುದು ಆಗಲೇ. ಆಗಸ್ಟಿನಲ್ಲಿ ತಂದೆ ಕಡಲಿಗಿಳಿಯುತ್ತಾರೆ, ಮಳೆಯಿನ್ನೂ ನಿಂತಿರುವುದಿಲ್ಲ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮತ್ತು ಮೇ ತಿಂಗಳಲ್ಲಿ, ಅಂದರೆ ಚಂಡಮಾರುತಗಳು ಏಳುವ ಕಾಲದಲ್ಲಿ, ಮನೆಗೆ ಭಯ ಕಡಿಮೆ, ಬೋಟಿಗೆ ಹೆಚ್ಚು. ಹಿಂದೆ ಆಷಾಢ ಕಳೆದು ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿದರೆ ವರ್ಷದ ಆತಂಕ ಮುಗಿಯಿತೆಂದು ಹಿರಿಯರು ನಂಬಿದ್ದರು. ಈಕೆಯ ಪಾಲಿಗೆ ಮನಸ್ಸು ಸಡಿಲಿಸಬಹುದಾದ ಕಾಲವೆಂದರೆ ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಆ ತಿಂಗಳುಗಳಲ್ಲಿ ಆಕೆಯ ಹಾಜರಾತಿ ಪೂರ್ಣವಾಗಿತ್ತು. ಕಚೇರಿಯ ಹಾಜರಿ ಪುಸ್ತಕವನ್ನು ತಿಂಗಳವಾರು ನೋಡಿದ್ದರೆ ಯಾರಿಗಾದರೂ ಇದು ಕಾಣುತ್ತಿತ್ತು.

ಪರಿಶೀಲನೆ

ಆತಂಕ ಮತ್ತು ಖಿನ್ನತೆಯ ಪ್ರಶ್ನಾವಳಿಗಳಲ್ಲಿ ಆತಂಕ ಮಧ್ಯಮ ಮಟ್ಟದ್ದೆಂದೂ ಖಿನ್ನತೆ ಸೌಮ್ಯ ಮಟ್ಟದ್ದೆಂದೂ ಕಂಡಿತು. ಬದುಕು ಬೇಡವೆನ್ನುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ; ಇಲ್ಲವೆಂದಳು, ಮುಂದಿನ ಭೇಟಿಗಳಲ್ಲಿ ಕೇಳಿದಾಗಲೂ ಅದೇ ಉತ್ತರ. ನಗರದ ಮನೋವೈದ್ಯರೊಬ್ಬರಿಗೆ ತೋರಿಸಲಾಯಿತು. ಔಷಧಿ ಸದ್ಯಕ್ಕೆ ಬೇಡ, ನಿದ್ದೆ ಸುಧಾರಿಸದಿದ್ದರೆ ನೋಡೋಣ ಎಂದು ಅವರು ಹೇಳಿದರು. ಯಾವ ಹೊತ್ತಿನಲ್ಲೂ ನೆರವು ಕೇಳುವಂತೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಆಕೆಯ ಫೋನಿನಲ್ಲಿ ಉಳಿಸಿಕೊಟ್ಟೆವು.

ಪರಿಸರದ ಕೇಡಿನ ಬಗೆಗಿನ ದೀರ್ಘಕಾಲದ ಆತಂಕವನ್ನು ರೋಗವೆಂದು ವೈದ್ಯಕೀಯ ವರ್ಗೀಕರಣಗಳು ಗುರುತಿಸಿಲ್ಲ, ಗುರುತಿಸದಿರುವುದೇ ಸರಿ ಎಂದು ನನ್ನ ಅಭಿಪ್ರಾಯ. ಲ್ಯಾನ್ಸೆಟ್ ಬಳಗದ ನಿಯತಕಾಲಿಕವೊಂದು 2021ರ ಡಿಸೆಂಬರಿನಲ್ಲಿ ಪ್ರಕಟಿಸಿದ ಸಮೀಕ್ಷೆ, ಭಾರತವೂ ಸೇರಿದಂತೆ ಹತ್ತು ದೇಶಗಳ 16ರಿಂದ 25 ವಯಸ್ಸಿನ ಹತ್ತು ಸಾವಿರ ಮಂದಿಯನ್ನು ಮಾತನಾಡಿಸಿತ್ತು. ಅವರಲ್ಲಿ ಶೇ. 59 ಮಂದಿ ಹವಾಮಾನ ಬದಲಾವಣೆಯ ಬಗ್ಗೆ ತಮಗೆ ತೀವ್ರ ಅಥವಾ ಅತಿ ತೀವ್ರ ಚಿಂತೆಯಿದೆ ಎಂದಿದ್ದರು, ಶೇ. 45ಕ್ಕೂ ಹೆಚ್ಚು ಮಂದಿ ಆ ಚಿಂತೆ ತಮ್ಮ ದೈನಂದಿನ ಬದುಕನ್ನು ಕೆಡಿಸುತ್ತಿದೆ ಎಂದಿದ್ದರು. ಇಷ್ಟು ಜನರನ್ನು ರೋಗಿಗಳೆಂದು ಕರೆಯುವುದರಲ್ಲಿ ಅರ್ಥವಿಲ್ಲ. ಆದರೆ ರೋಗವಲ್ಲವೆಂಬ ಕಾರಣಕ್ಕೆ ನೆರವು ಬೇಡವೆಂದಾಗುವುದಿಲ್ಲ.

ಸಾಮಾನ್ಯ ಆತಂಕದ ಸಮಾಲೋಚನೆಯಲ್ಲಿ ನಾವು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತೇವೆ: ನೀನು ಹೆದರುತ್ತಿರುವುದು ನಿಜವಾಗಿಯೂ ನಡೆಯುವ ಸಂಭವವೆಷ್ಟು? ಪರೀಕ್ಷೆಗೆ ಹೆದರುವವರಿಗೆ, ಲಿಫ್ಟಿಗೆ ಹೆದರುವವರಿಗೆ ಆ ಪ್ರಶ್ನೆ ಉಪಕಾರ ಮಾಡುತ್ತದೆ. ಈಕೆಗೆ ಅದನ್ನು ಕೇಳುವಂತಿರಲಿಲ್ಲ. ಪಕ್ಕದ ಮನೆ ಆಗಲೇ ಬಿದ್ದಿತ್ತು. ತಮ್ಮ ಮನೆಗೆ ಕಾಳಜಿ ಕೇಂದ್ರಕ್ಕೆ ತೆರಳುವಂತೆ ಸೂಚನೆ ಬಂದಿತ್ತು. “ಸುಮ್ಮನೆ ಏನೇನೋ ಯೋಚನೆ ಮಾಡ್ಬೇಡ, ಏನೂ ಆಗುದಿಲ್ಲ” ಎಂದು ಸಂಬಂಧಿಕರು ಧೈರ್ಯ ಹೇಳಿದಷ್ಟೂ, ಇವರ್‍ಯಾರೂ ನೋಡುತ್ತಿಲ್ಲ, ಹಾಗಾಗಿ ನಾನೇ ನೋಡಬೇಕು ಎಂದು ಆಕೆಗೆ ಅನ್ನಿಸುತ್ತಿತ್ತು. ಭಯ ನಿಜವಾಗಿರುವಲ್ಲಿ ಬರಿಯ ಸಮಾಧಾನ ಹೇಳುವುದು ಆ ವ್ಯಕ್ತಿಯನ್ನು ಇನ್ನಷ್ಟು ಒಂಟಿ ಮಾಡುತ್ತದೆ.

ಒಂದು ರಾತ್ರಿಯ ದಾಖಲೆ

ಆದ್ದರಿಂದ ಭಯದ ವಿಷಯವನ್ನು ಬದಿಗಿಟ್ಟು, ಒಂದು ರಾತ್ರಿಯನ್ನು ಗಂಟೆಗಂಟೆಗೆ ಬರೆದು ತರಲು ಹೇಳಿದೆ. ಆಗಸ್ಟಿನ ಒಂದು ರಾತ್ರಿಯದಾಗಿ ಆಕೆ ತಂದ ಪುಟವನ್ನು ಆಕೆಯ ಅನುಮತಿಯಿಂದ ಇದ್ದಂತೆಯೇ ಕೊಡುತ್ತೇನೆ. ‘ಹೆಜ್ಜೆ’ ಎಂದರೆ ಹಿಂದಿನ ಬಾಗಿಲಲ್ಲಿ ನಿಂತು ಟಾರ್ಚ್ ಬೆಳಕಿನಲ್ಲಿ ಅಳೆದ ಕಣ್ಣಳತೆ. ‘ಬುಡ’ ಎಂದರೆ ಉಳಿದಿದ್ದ ತೆಂಗಿನ ಬುಡ.

“10.15. ಅಜ್ಜಿ ಮಲಗಿದರು. ಅಮ್ಮ ಬಾಗಿಲು ಹಾಕಿದರು. 11.30. ಮಳೆ ಜೋರು. ಬುಡದಿಂದ ಹನ್ನೆರಡು ಹೆಜ್ಜೆ. 12.50. ಉಬ್ಬರ. ಏಳು ಹೆಜ್ಜೆ. ಕಾಗದದ ಚೀಲ ಹತ್ತಿರ ಇಟ್ಟುಕೊಂಡೆ. 1.40. ಕಲ್ಲಿಗೆ ಹೊಡೆದ ಅಲೆಗೆ ಗೋಡೆಯ ಗಡಿಯಾರ ಅಲುಗಿತು. ತಮ್ಮನನ್ನು ಎಬ್ಬಿಸಲಾ ಎಂದು ನೋಡಿದೆ, ಎಬ್ಬಿಸಲಿಲ್ಲ. 3.10. ಇಳಿತ. ಒಂಬತ್ತು ಹೆಜ್ಜೆ. 4.00. ಅಮ್ಮ ಎದ್ದರು. ನಾನು ಮಲಗಿದೆ.”

ಕಾಗದದ ಚೀಲವೆಂದರೆ ಮನೆಯವರ ಆಧಾರ್, ರೇಷನ್ ಕಾರ್ಡ್, ಜಾಗದ ದಾಖಲೆ, ತನ್ನ ಮತ್ತು ತಮ್ಮನ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಹಳೆಯ ಶಾಲಾಚೀಲ. ಬಿಸಿಲು ಬಿದ್ದ ದಿನ ಅವುಗಳನ್ನು ಹೊರಗೆ ಹರಡಿ, ತೇವ ಆರಿಸಿ, ಮತ್ತೆ ಕಟ್ಟಿಡುತ್ತಿದ್ದಳು.

ಈ ಪುಟದ ಕೊನೆಯ ಸಾಲು ನನ್ನನ್ನು ತಡೆದು ನಿಲ್ಲಿಸಿತು. ನಾಲ್ಕು ಗಂಟೆಗೆ ಕಡಲು ಹೆಚ್ಚೇನೂ ಹಿಂದೆ ಸರಿದಿರಲಿಲ್ಲ, ಮಳೆ ನಿಂತಿರಲಿಲ್ಲ, ಅಪಾಯ ಇದ್ದಲ್ಲೇ ಇತ್ತು. ಆದರೂ ಆಕೆಗೆ ತಕ್ಷಣ ನಿದ್ದೆ ಬಂದಿತ್ತು. “ಅಮ್ಮ ಎದ್ದರೆ ಕಡಲು ದೂರ ಹೋಗ್ತದಾ?” ಎಂದು ಕೇಳಿದೆ. “ಇಲ್ಲ ಮೇಡಂ. ಆದ್ರೆ ನೋಡ್ಲಿಕ್ಕೆ ಒಬ್ಬರು ಇರ್ತಾರಲ್ಲ” ಎಂದಳು.

ಅಲ್ಲಿಂದ ಮುಂದಕ್ಕೆ 2023ರ ಜೂನ್ ತಿಂಗಳ ಸಂಗತಿ ಹೊರಬಂತು. ಬಿಪರ್‌ಜಾಯ್ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಬಹಳ ದಿನ ಅಲೆದಾಡಿ, ಜೂನ್ 15ರಂದು ಗುಜರಾತ್ ತೀರಕ್ಕೆ ಬಡಿಯುವ ಮೊದಲು ನಮ್ಮ ತೀರದಲ್ಲೂ ಕಡಲನ್ನು ಕೆರಳಿಸಿತ್ತು. ಪಿಯುಸಿ ಮುಗಿಸಿದ್ದ ಈಕೆ ಆ ದಿನಗಳಲ್ಲಿ ಒಂದು ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದಳು. ಅದೇ ರಾತ್ರಿ ಅಡುಗೆಮನೆಯ ಹಿಂಗೋಡೆಯೂ ಬಚ್ಚಲುಮನೆಯೂ ಬಿದ್ದವು. ಕತ್ತಲಲ್ಲಿ ಎದ್ದ ಅಜ್ಜಿ ಜಾರಿ ಕೈ ಮುರಿದುಕೊಂಡರು. ಮರುದಿನ ಯಾರೂ ಆಕೆಯನ್ನು ದೂರಲಿಲ್ಲ. “ನೀನಾದರೂ ಇದ್ದಿದ್ರೆ ಎಚ್ಚರ ಆಗ್ತಿತ್ತು” ಎಂದು ಅಜ್ಜಿ ನೋವಿನಲ್ಲಿ ಒಮ್ಮೆ ಅಂದಿದ್ದರು, ಅಷ್ಟೇ. ಅಂದಿನಿಂದ ಆಕೆ ಯಾರಿಗೂ ಹೇಳದೆ ಒಂದು ಕಾವಲನ್ನು ಕೈಗೆತ್ತಿಕೊಂಡಿದ್ದಳು. ತಾನು ಎಚ್ಚರವಿದ್ದ ರಾತ್ರಿಗಳಲ್ಲಿ ಏನೂ ಆಗಿಲ್ಲ, ಮಲಗಿದ ರಾತ್ರಿ ಗೋಡೆ ಬಿತ್ತು ಎಂಬ ಲೆಕ್ಕ ಒಳಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಆ ವರ್ಷ ಬೆಂಗಳೂರಿನಲ್ಲಿ ಸಿ.ಎ. ತರಬೇತಿಗೆ ಹೋಗುವ ಅವಕಾಶವನ್ನು ಬಿಟ್ಟದ್ದೂ ಇದೇ ಕಾರಣಕ್ಕೆ. ಮನೆಯವರು ಅದನ್ನು ಹಣದ ತೊಂದರೆಯೆಂದು ತಿಳಿದಿದ್ದರು. ಆಕೆಯೂ ಹಾಗೆಯೇ ಹೇಳಿದ್ದಳು.

ನಡೆದ ಕೆಲಸ

ಇಲ್ಲಿ ಎರಡು ನಂಬಿಕೆಗಳನ್ನು ಬಿಡಿಸಿ ನೋಡುವುದು ಅಗತ್ಯವಾಯಿತು. ಕಡಲು ಬರುತ್ತದೆ ಎಂಬುದು ಒಂದು; ಅದು ಸತ್ಯ, ಅದನ್ನು ನಾನು ಒಮ್ಮೆಯೂ ಅಲ್ಲಗಳೆಯಲಿಲ್ಲ. ತಾನು ಎಚ್ಚರವಿದ್ದರೆ ಕಡಲು ಮುಂದೆ ಬರುವುದಿಲ್ಲ ಎಂಬುದು ಇನ್ನೊಂದು. ಪರೀಕ್ಷಿಸಬೇಕಾದದ್ದು ಇದನ್ನು ಮಾತ್ರ. ಮೊದಲನೆಯದನ್ನು ಒಪ್ಪಿಕೊಂಡಿದ್ದರಿಂದಲೇ ಎರಡನೆಯದರ ಬಗ್ಗೆ ಮಾತನಾಡುವ ಸಲಿಗೆ ಸಿಕ್ಕಿತೆಂದು ನನಗೆ ಖಚಿತವಿದೆ.

ಆಕೆ ಲೆಕ್ಕಶಾಸ್ತ್ರದ ವಿದ್ಯಾರ್ಥಿನಿಯಾದ್ದರಿಂದ ಪರೀಕ್ಷೆಯನ್ನೂ ಲೆಕ್ಕದ ರೂಪದಲ್ಲೇ ಮಾಡಿದೆವು. ನೋಟ್‌ಬುಕ್ಕಿನಲ್ಲಿ ಎರಡು ಅಂಕಣ: ಎಚ್ಚರವಿದ್ದ ರಾತ್ರಿ, ಮಲಗಿದ ರಾತ್ರಿ. ಪ್ರತಿಯೊಂದರ ಎದುರು ಮರುದಿನ ಬೆಳಿಗ್ಗೆ ಬುಡದಿಂದ ನೀರಿಗಿದ್ದ ದೂರ, ಉಬ್ಬರದ ಹೊತ್ತು, ಮಳೆ. ಮಲಗುವ ರಾತ್ರಿಗಳನ್ನು ಮೊದಲು ಮಳೆ ಕಡಿಮೆಯಿರುವ ದಿನಗಳಿಗೆ ಇಟ್ಟುಕೊಂಡು ಕ್ರಮೇಣ ಹೆಚ್ಚಿಸುತ್ತ ಹೋದೆವು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಆ ಪುಟಗಳೇ ಮಾತನಾಡಿದವು. ಎಚ್ಚರವಿದ್ದು ಕಾದ ರಾತ್ರಿಗಳಲ್ಲೂ ಮರಳು ಹೋಗಿತ್ತು. ಮಲಗಿದ ಕೆಲವು ರಾತ್ರಿಗಳಲ್ಲಿ ಏನೂ ಆಗಿರಲಿಲ್ಲ. ದೂರ ಬದಲಾಗುತ್ತಿದ್ದದ್ದು ಅಲೆಯ ಎತ್ತರ ಮತ್ತು ಉಬ್ಬರದ ಹೊತ್ತಿಗೆ ತಕ್ಕಂತೆ. ಮಳೆಯೇ ಇಲ್ಲದ ಒಂದು ದಿನ ನೀರು ಬುಡವನ್ನು ಮುಟ್ಟಿದ್ದು ಆಕೆಯನ್ನು ಗಾಬರಿಗೊಳಿಸಿತ್ತು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ, ಇಲ್ಲಿ ಗಾಳಿಯಿಲ್ಲದ ದಿನವೂ ದಡಕ್ಕೆ ನುಗ್ಗಬಲ್ಲವು. ಕೇರಳದವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಸಾಗರದ ಮಾಹಿತಿ ಒದಗಿಸುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅದಕ್ಕೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಇದನ್ನು ತಿಳಿದ ಮೇಲೆ ಆಕೆ ತಾನಾಗಿಯೇ ಒಂದು ನಿರ್ಧಾರಕ್ಕೆ ಬಂದಳು. ಗುಂಪುಗಳ ವಿಡಿಯೊಗಳನ್ನು ನೋಡುವುದಿಲ್ಲ. ಹವಾಮಾನ ಇಲಾಖೆ ಮತ್ತು ಇನ್‌ಕಾಯಿಸ್ ಎರಡನ್ನೇ ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ನೋಡುತ್ತೇನೆ. ಫೋನನ್ನು ಸಂಪೂರ್ಣ ಬಿಡಿಸುವ ಪ್ರಯತ್ನವನ್ನು ನಾವು ಮಾಡಲಿಲ್ಲ. ಅಪಾಯವಿರುವ ಮನೆಯಲ್ಲಿ ಮಾಹಿತಿ ಬೇಕೇ ಬೇಕು.

ಕಾವಲನ್ನು ಹಂಚುವುದು ಇದಕ್ಕಿಂತ ಕಷ್ಟದ ಕೆಲಸ. ಅದಕ್ಕೆ ಮನೆಯವರು ಬೇಕಿತ್ತು. ತಂದೆ ಒಂದು ಟ್ರಿಪ್ ಮುಗಿಸಿ ಬಂದ ದಿನ ತಾಯಿಯೊಂದಿಗೆ ಬಂದರು. ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ ಮಾತುಕತೆ ನಡೆಯಿತು. ಮಗಳ ನೋಟ್‌ಬುಕ್ಕನ್ನು ತಂದೆಯ ಮುಂದಿಟ್ಟಾಗ ಅವರು ಬಹಳ ಹೊತ್ತು ಪುಟ ತಿರುವಿದರು. ನಂತರ, “ನಾನು ಬೋಟಿನಲ್ಲಿರುವಾಗ ಸಿಗ್ನಲ್ ಸಿಗುವ ಕಡೆ ಬಂದ ಕೂಡಲೇ ಮೊದಲು ಮನೆ ಇದೆಯಾ ಅಂತಲೇ ಕೇಳುವುದು ಮೇಡಂ. ಇವಳು ಇದೆ ಅಪ್ಪಾ ಅಂತಾಳೆ, ನಾನು ಫೋನ್ ಇಡ್ತೇನೆ. ಇವಳ ವಿಷಯ ಒಂದು ದಿನವೂ ಕೇಳಲಿಲ್ಲ” ಎಂದರು. ತಾಯಿ ಅತ್ತರು. ಹುಡುಗನ ವಿಷಯವಿರಬೇಕೆಂಬ ತಮ್ಮ ಅನುಮಾನವನ್ನು ಮಗಳ ಎದುರಿಗೇ ಹೇಳಿದರು, ಮಗಳಿಗೆ ನಗುವೂ ಬಂತು. ಆ ದಿನ ಮೂರು ತೀರ್ಮಾನಗಳಾದವು. ರೆಡ್ ಅಲರ್ಟ್ ಇಲ್ಲದ ರಾತ್ರಿ ಯಾರೂ ಕಾಯುವುದಿಲ್ಲ. ರೆಡ್ ಅಲರ್ಟ್ ಬಂದ ರಾತ್ರಿ ಅಜ್ಜಿಯೂ ಮಕ್ಕಳೂ ಸಂಜೆಯೇ ಚಿಕ್ಕಮ್ಮನ ಮನೆಗೆ ಹೋಗುತ್ತಾರೆ. ಅಂಥ ರಾತ್ರಿ ಭಜನಾ ಮಂದಿರದ ಯುವಕರು ಸರದಿಯಲ್ಲಿ ತೀರ ನೋಡಿಕೊಳ್ಳುತ್ತಾರೆ, ಕರೆ ಬಂದರೆ ಮಾತ್ರ ತಾಯಿ ಹೋಗುತ್ತಾರೆ. ಕಾಗದದ ಚೀಲ ಶಾಶ್ವತವಾಗಿ ಚಿಕ್ಕಮ್ಮನ ಮನೆಯ ಕಪಾಟಿಗೆ. ಇವು ಮನೆವಾರ್ತೆಯ ಸಣ್ಣ ಏರ್ಪಾಡುಗಳಂತೆ ಕಾಣಬಹುದು. ಆದರೆ ಉಸಿರಾಟದ ಯಾವ ವ್ಯಾಯಾಮಕ್ಕಿಂತಲೂ ಇವು ಆಕೆಯ ನಿದ್ದೆಯನ್ನು ಬೇಗ ಮರಳಿಸಿದವು.

ಭಯ ಸ್ವಲ್ಪ ಇಳಿದ ಮೇಲೆ ಅದರ ಕೆಳಗಿದ್ದ ದುಃಖ ಮೇಲೆ ಬಂತು. ಇದಕ್ಕೆ ಸಮಯ ಕೊಡುವುದು ಮುಖ್ಯ. ತಾನು ಊರು ಬಿಟ್ಟು ಹೋಗದಿದ್ದರೂ ಊರೇ ತನ್ನ ಕಣ್ಣೆದುರು ಇಲ್ಲವಾಗುವಾಗ ಮನುಷ್ಯನಿಗಾಗುವ ಸಂಕಟವನ್ನು ಆಸ್ಟ್ರೇಲಿಯಾದ ಚಿಂತಕ ಗ್ಲೆನ್ ಆಲ್ಬ್ರೆಕ್ಟ್ 2003ರಲ್ಲಿ ಸೊಲಾಸ್ಟಾಲ್ಜಿಯಾ ಎಂದು ಕರೆದರು. ಅವರು ಅದನ್ನು ಗುರುತಿಸಿದ್ದು ಗಣಿಗಾರಿಕೆಯಿಂದ ನೆಲ ಬಗೆದುಹೋದ ಕಣಿವೆಯ ಜನರಲ್ಲಿ. ಈಕೆಯ ದುಃಖ ಅದೇ ಜಾತಿಯದು. ಅಜ್ಜಿಯ ಬಾಯಿಂದ ಕೇಳಿ, ತಮ್ಮನ ಕೈಯಲ್ಲಿ ಬರೆಸಿ, ಮನೆಯ ಹಿಂದಿದ್ದ ತೀರದ ನಕ್ಷೆಯೊಂದನ್ನು ಆಕೆ ಮಾಡಿಸಿದಳು: ಬಲೆ ಒಣಗಿಸುವ ಬಯಲು, ದೋಣಿ ಎಳೆಯುವ ಜಾಗ, ಹುಡುಗರ ಕಬಡ್ಡಿ ಅಂಕಣ, ಶಾಲೆಗೆ ಹೋಗುವ ಹಳೆಯ ದಾರಿ, ಯಾರ ಮನೆ ಎಲ್ಲಿತ್ತು. ಅದನ್ನು ಭಜನಾ ಮಂದಿರದ ಗೋಡೆಗೆ ಹಾಕಿದ ಮೇಲೆ ಹಿರಿಯರು ಬಂದು ತಿದ್ದುವುದು, ಸೇರಿಸುವುದು ಶುರುವಾಯಿತು. ಇದುವರೆಗೆ ಊ​ರಿನಲ್ಲಿ ಈ ನಷ್ಟದ ಮಾತು ಬರುತ್ತಿದ್ದದ್ದು ಪರಿಹಾರದ ಅರ್ಜಿಯಲ್ಲಿ ಮಾತ್ರ. ಅರ್ಜಿಯ ನಮೂನೆಯಲ್ಲಿ ಕುಸಿದ ಗೋಡೆಗೆ ಜಾಗವಿದೆ, ಕಬಡ್ಡಿ ಅಂಕಣಕ್ಕೆ ಇಲ್ಲ.

ಸಿಟ್ಟೂ ಇತ್ತು. “ನಮ್ಮ ಮನೆಯಲ್ಲಿ ಎ.ಸಿ. ಇಲ್ಲ, ಕಾರ್ ಇಲ್ಲ. ಕಡಲು ಬಿಸಿ ಮಾಡಿದವರು ಯಾರೋ, ನಮ್ಮ ಮನೆ ಯಾಕೆ ಹೋಗ್ಬೇಕು?” ಎಂದು ಕೇಳಿದಳು. ಈ ಸಿಟ್ಟನ್ನು ತಣಿಸಬೇಕಾದ ಲಕ್ಷಣವೆಂದು ನಾನು ಎಣಿಸಲಿಲ್ಲ. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೂ, ಸರಕಾರಗಳು ತಮ್ಮನ್ನು ಕೈಬಿಟ್ಟಿವೆ ಎಂಬ ಭಾವನೆಗೂ ಯುವಜನರ ಮನಃಕ್ಲೇಶಕ್ಕೂ ನಂಟು ಕಂಡುಬಂದಿತ್ತು. ಆಕೆಯ ಪ್ರಶ್ನೆ ನ್ಯಾಯದ ಪ್ರಶ್ನೆ. ಅದನ್ನು ಹಾಗೆಯೇ ಒಪ್ಪಿಕೊಂಡು, ಸಿಟ್ಟಿಗೆ ಕೆಲಸ ಸಿಗುವ ಕಡೆ ದಾರಿ ತೋರಿಸುವುದು ಒಳ್ಳೆಯದು. ಮುಂದಿನ ಗ್ರಾಮಸಭೆಯಲ್ಲಿ ಆಕೆ ನೋಟ್‌ಬುಕ್ಕಿನ ಅಳತೆಗಳನ್ನು ಓದಿ ಹೇಳಿದಳು. ಕೇಳಿದ ಅಧಿಕಾರಿ ಬರೆದುಕೊಂಡರು. ಅದರ ಫಲ ಇನ್ನೂ ಬಂದಿಲ್ಲ.

ಕಾಲೇಜಿನ ಕಡೆಯ ಸಂಗತಿ ಚಿಕ್ಕದಾದರೂ ಹೇಳಲೇಬೇಕು. ರೆಡ್ ಅಲರ್ಟ್ ದಿನ ಜಿಲ್ಲಾಧಿಕಾರಿಗಳ ರಜೆಯ ಆದೇಶ ಅನೇಕ ಬಾರಿ ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ಮಾತ್ರ ಅನ್ವಯಿಸುತ್ತದೆ. ತಮ್ಮನಿಗೆ ರಜೆಯಿರುವ ದಿನ ಅಕ್ಕನಿಗೆ ಗೈರುಹಾಜರಿ ಬೀಳುತ್ತದೆ. ಶೇ. 75ರ ಹಾಜರಾತಿ ನಿಯಮದ ಎದುರು ಇಂಥ ದಿನಗಳನ್ನು ಪ್ರತ್ಯೇಕ ಪರಿಗಣಿಸಬೇಕೆಂದು ಪ್ರಾಂಶುಪಾಲರಿಗೆ ಬರೆದೆವು. ಕಡಲ್ಕೊರೆತ ಮತ್ತು ನೆರೆ ಪ್ರದೇಶದಿಂದ ಬರುವ ವಿದ್ಯಾರ್ಥಿಗಳ ಪಟ್ಟಿಯನ್ನು ಮೇ ತಿಂಗಳಲ್ಲೇ ಮೆಂಟರ್‌ಗಳಿಗೆ ಕೊಡುವ ಕ್ರಮ ಈಗ ಜಾರಿಯಲ್ಲಿದೆ.

ಡಿಸೆಂಬರ್, ಮತ್ತೊಂದು ಮಳೆಗಾಲ

ಮೊದಲ ಪರೀಕ್ಷೆ ಬಂದದ್ದು 2024ರ ಡಿಸೆಂಬರ್ ಆರಂಭದಲ್ಲಿ. ಬಂಗಾಳ ಕೊಲ್ಲಿಯಲ್ಲಿ ಎದ್ದ ಫೆಂಗಲ್ ಚಂಡಮಾರುತದ ಶೇಷ ಪಶ್ಚಿಮಕ್ಕೆ ಸರಿದು ದಕ್ಷಿಣ ಕನ್ನಡ, ಉಡುಪಿಯಲ್ಲಿ ಭಾರಿ ಮಳೆ ಸುರಿಯಿತು. ತಂದೆ ಕಡಲಲ್ಲಿದ್ದರು. ಆ ರಾತ್ರಿ ಆಕೆ ಬೋಟಿನ ಮಾಲೀಕರಿಗೆ ಒಮ್ಮೆ ಕರೆ ಮಾಡಿ, ಬೋಟುಗಳು ದಡದತ್ತ ತಿರುಗಿವೆ ಎಂದು ತಿಳಿದುಕೊಂಡು, ಚಿಕ್ಕಮ್ಮನ ಮನೆಯಲ್ಲಿ ಮಲಗಿದಳು. ನಡುವೆ ಎಚ್ಚರವಾಯಿತು, ಎದೆ ಬಡಿಯಿತು, ಫೋನ್ ಮುಟ್ಟಲಿಲ್ಲ ಎಂದು ಬರೆದು ತಂದಿದ್ದಳು. ಜನವರಿಯ ಹೊತ್ತಿಗೆ ಪ್ರಶ್ನಾವಳಿಯಲ್ಲಿ ಆತಂಕ ಸೌಮ್ಯ ಮಟ್ಟಕ್ಕೆ ಇಳಿದಿತ್ತು, ರಾತ್ರಿಗೆ ಆರು ಗಂಟೆಯ ನಿದ್ದೆಯಿತ್ತು. ಸಿ.ಎ. ಪ್ರವೇಶದ ಮಾತನ್ನು ಮತ್ತೆ ಆಕೆಯೇ ಎತ್ತಿದಳು.

ಮಳೆಗಾಲಕ್ಕೆ ಮುನ್ನ ತೊಕ್ಕೊಟ್ಟಿನ ಕಡೆ ಬಾಡಿಗೆ ಮನೆ ಹಿಡಿಯುವುದೆಂದು ಮನೆಯವರು ನಿಶ್ಚಯಿಸಿದ್ದರು. ಅಜ್ಜಿಗೆ ಮನಸ್ಸಿರಲಿಲ್ಲ, ಹಳೆಯ ಮನೆಯನ್ನು ಬೀಳುವ ಮೊದಲೇ ಬಿಡುವುದು ಅವರಿಗೆ ಸಾವಿನ ಮುನ್ನವೇ ಹೆಣ ಎತ್ತಿದ ಹಾಗೆ ಅನ್ನಿಸುತ್ತಿತ್ತು. ಜೂನ್ ಮೊದಲ ವಾರಕ್ಕೆ ಇಟ್ಟುಕೊಂಡಿದ್ದ ಸ್ಥಳಾಂತರವನ್ನು 2025ರ ಮುಂಗಾರು ಮೀರಿ ನಡೆಯಿತು. ಆ ವರ್ಷ ಮೇ 24ರಂದೇ ಕೇರಳಕ್ಕೆ ಕಾಲಿಟ್ಟ ಮಳೆ ನಮ್ಮ ತೀರಕ್ಕೆ ಬರಲು ತಡಮಾಡಲಿಲ್ಲ. ಅರ್ಧ ಸಾಮಾನು ಸಾಗಿಸಿದ್ದಾಗಲೇ ಮೇ ಕೊನೆಯ ಮಳೆಯಲ್ಲಿ ಆಕೆಯ ಹಳೆಯ ಲಕ್ಷಣಗಳು ಒಂದು ವಾರ ಪೂರ್ತಿಯಾಗಿ ಮರಳಿದವು. ಮರುಕಳಿಕೆ ಎಂದು ಬರೆಯುವ ಮೊದಲು ಯೋಚಿಸಬೇಕು: ಅಪಾಯ ಮರಳಿದಾಗ ಎಚ್ಚರ ಮರಳುವುದು ಸಹಜ, ಮತ್ತು ಈ ಬಾರಿ ಆಕೆ ಅದನ್ನು ಮೂರನೇ ದಿನವೇ ಫೋನ್ ಮಾಡಿ ನಮಗೆ ತಿಳಿಸಿದ್ದಳು. ಜೂನ್ ಎರಡನೇ ವಾರದ ಹೊತ್ತಿಗೆ ಎಲ್ಲರೂ ಬಾಡಿಗೆ ಮನೆಯಲ್ಲಿದ್ದರು, ಅಜ್ಜಿಯೂ. ಬಾಡಿಗೆ ಕಟ್ಟುವುದು, ತಾಯಿ ದಕ್ಕೆಗೆ ಹೋಗುವ ದೂರ, ಹಳೆಯ ಮನೆ ಬೀಳುವವರೆಗೆ ಪರಿಹಾರವಿಲ್ಲವೆಂಬ ನಿಯಮ, ಇವು ಯಾವುವೂ ಸಮಾಲೋಚನೆಯಿಂದ ಬಗೆಹರಿಯುವಂಥವಲ್ಲ. ಹವಾಮಾನ ಬದಲಾವಣೆ ಮತ್ತು ಮಾನಸಿಕ ಆರೋಗ್ಯದ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಟಿಪ್ಪಣಿ, ಮಾನಸಿಕ ನೆರವನ್ನು ವಿಪತ್ತು ಸಿದ್ಧತೆಯ ಭಾಗವಾಗಿಯೇ ನೋಡಬೇಕೆಂದು ಹೇಳುತ್ತದೆ. ನಮ್ಮ ಜಿಲ್ಲೆಗಳಲ್ಲಿ ಕಾಳಜಿ ಕೇಂದ್ರದ ಪಟ್ಟಿ ಸಿದ್ಧವಾಗುವಾಗ ಅಕ್ಕಿ, ಹೊದಿಕೆ, ದೋಣಿಗಳ ಜೊತೆ ಆಪ್ತಸಮಾಲೋಚಕರ ಹೆಸರೂ ಇರಬೇಕೆಂಬುದು ನನ್ನ ಆಗ್ರಹ.

ಜುಲೈ ಭೇಟಿಯಲ್ಲಿ ಆಕೆ ತನ್ನ ವಿಷಯಕ್ಕಿಂತ ತಮ್ಮನ ವಿಷಯವನ್ನೇ ಹೆಚ್ಚು ಮಾತನಾಡಿದಳು. ಎಸ್ಸೆಸ್ಸೆಲ್ಸಿಗೆ ಬಂದಿರುವ ಹುಡುಗ ಅಕ್ಕನ ಫೋನಿನಲ್ಲಿದ್ದ ಅಲೆಯ ಆ್ಯಪ್ಪನ್ನು ತನ್ನ ಫೋನಿಗೆ ಹಾಕಿಕೊಂಡಿದ್ದಾನೆ. ಹಳೆಯ ಮನೆ ಇದೆಯಾ ಎಂದು ನೋಡಲು ಶಾಲೆ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಹೋಗಿ ಬರುತ್ತಾನೆ. ರಾತ್ರಿ ತಡವಾಗಿ ಮಲಗುತ್ತಾನೆ. ಆತನ ಶಾಲೆಯ ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿದ್ದೇವೆ. ಮುಂದಿನ ಭೇಟಿಗೆ ತಂದೆ ತಾಯಿಯ ಜೊತೆ ಅವನನ್ನೂ ಕರೆದಿದ್ದೇವೆ; ನೋಟ್‌ಬುಕ್ಕನ್ನು ತರಲು ಅಕ್ಕನೇ ಒಪ್ಪಿಕೊಂಡಿದ್ದಾಳೆ.